ಐದೂವರೆ ಮನೆ ಶ್ರುತಿ

ಮುಳ್ಳು ಕೆಂಪಿಗೆ ಹೋಗಬಾರದು. ಬಾನುಲಿ ಕೇಂದ್ರದ ಸ್ಟುಡಿಯೋದಲ್ಲಿ ಮೂವತ್ತನಾಲ್ಕು ವರ್ಷ ಏನು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ನಾನು ಇಷ್ಟೇ ಹೇಳುತ್ತೇನೆ. ಗಾಜಿನ ಆಚೆ ಗಾಯಕರು ಹಾಡುತ್ತಿದ್ದರು, ಈಚೆ ನಾನು ಕೂತು ಮೀಟರಿನ ಮುಳ್ಳು ನೋಡುತ್ತಿದ್ದೆ. ದನಿ ಮಿತಿ ಮೀರಿದರೆ ಮುಳ್ಳು ಬಲಕ್ಕೆ ಓಡಿ ಕೆಂಪು ಗೆರೆ ಮುಟ್ಟುತ್ತದೆ. ಮುಟ್ಟಿತೆಂದರೆ ಧ್ವನಿ ಒಡೆಯಿತು. ಎಷ್ಟೇ ದೊಡ್ಡ ವಿದ್ವಾಂಸರಿರಲಿ, ಕೈಯೆತ್ತಿ ನಿಲ್ಲಿಸಿ, "ಮತ್ತೊಮ್ಮೆ ಸಾರ್" ಎನ್ನುತ್ತಿದ್ದೆ. ಯಾರ ಮುಲಾಜೂ ಇಟ್ಟುಕೊಳ್ಳಲಿಲ್ಲ.

ನಾನು ಹಾಡುವವನಲ್ಲ. ಹುಟ್ಟಿದ್ದು ಮಾವಳ್ಳಿಯಲ್ಲಿ. ಅಪ್ಪ ಸೊಪ್ಪಿನ ವ್ಯಾಪಾರಿ. ನಾಲ್ಕಕ್ಕೆ ಏಳಬೇಕು, ಸೊಪ್ಪು ತೊಳೆದು ಕಟ್ಟು ಕಟ್ಟಬೇಕು, ಬೆಳಕು ಹರಿಯುವ ಮೊದಲು ಮಾರ್ಕೆಟ್ಟಿನಲ್ಲಿರಬೇಕು. ತಡವಾದರೆ ಸೊಪ್ಪು ಬಾಡುತ್ತದೆ, ನೆಪ ಕೇಳುವುದಿಲ್ಲ. ಸಂಗೀತ ನಮ್ಮ ಕುಟುಂಬಕ್ಕೆ ಬಂದದ್ದು ನನ್ನ ಹೆಂಡತಿಯ ಜೊತೆ. ಚಾಮರಾಜಪೇಟೆಯಲ್ಲಿ ಒಬ್ಬ ಮೇಷ್ಟ್ರ ಬಳಿ ಹತ್ತು ವರ್ಷ ಕಲಿತು, ಬಾನುಲಿಗೆ ಹಾಡಲು ಬರುತ್ತಿದ್ದವಳು ಅವಳು. ಗಾಜಿನ ಆಚೆಯಿಂದ ನನ್ನ ಮನೆಗೆ ಬಂದಳು, ಒಂದು ಟ್ರಂಕು ಮತ್ತು ಒಂದು ತಂಬೂರಿ ಹಿಡಿದುಕೊಂಡು.

ಅವಳದು ಐದೂವರೆ ಮನೆ ಶ್ರುತಿ. ಹಾರ್ಮೋನಿಯಮ್ಮಿನ ಮನೆ ಎಣಿಸಿ ಹೇಳುವ ಲೆಕ್ಕ ಇದು. ಮನೆ ಹೆಚ್ಚಿದಷ್ಟೂ ಶ್ರುತಿ ಮೇಲೆ. ನಮ್ಮ ಸ್ಟುಡಿಯೋಗೆ ಬರುತ್ತಿದ್ದ ಹೆಂಗಸರಲ್ಲಿ ಬಹುಪಾಲು ಐದೋ ಐದೂವರೆಯೋ ಇಟ್ಟುಕೊಳ್ಳುತ್ತಿದ್ದರು. ಹೆಣ್ಣು ದನಿ ಎಂದರೆ ಐದೂವರೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವಳು ಹೋಗಿ ಒಂಬತ್ತು ವರ್ಷ. ಇಷ್ಟು ವರ್ಷವೂ ಶನಿವಾರಕ್ಕೊಮ್ಮೆ ತಂಬೂರಿಯ ಧೂಳು ಒರೆಸಿ, ಅದೇ ಐದೂವರೆಗೆ ಕೂಡಿಸಿ, ಹತ್ತು ನಿಮಿಷ ಮೀಟಿ ಮೂಲೆಗಿಡುತ್ತಿದ್ದೆ. ತಂತಿ ಹರಿದರೆ ಅದೇ ಅಳತೆಯ ತಂತಿ ತಂದು ಹಾಕುತ್ತಿದ್ದೆ.

ಎನ್.ಆರ್. ಕಾಲೋನಿಯ ನಮ್ಮ ಮನೆಯ ಮಹಡಿಯಲ್ಲಿ ಮಗಳು, ಅಳಿಯ, ಮೊಮ್ಮಗಳು ಇದ್ದಾರೆ. ಕೆಳಗೆ ನಾನು. ಊಟ, ಕಾಫಿ ಎಲ್ಲ ಒಟ್ಟಿಗೆ, ಕೆಳಗೇ. ಮೊಮ್ಮಗಳು ಆರನೆಯ ವಯಸ್ಸಿನಿಂದ ಅಜ್ಜಿಯ ಹತ್ತಿರ ಕಲಿತಳು. ವರ್ಣಗಳಿಗೆ ಬಂದಿದ್ದಳು. ಅಜ್ಜಿ ಹೋದ ಮೇಲೆ ನಿಂತುಹೋಯಿತು. ಪಿಯುಸಿ ಮುಗಿದ ಮೇಲೆ, ಮ್ಯೂಸಿಕ್ ಟೆಕ್ನಾಲಜಿ ಎಂದು ಎರಡು ವರ್ಷದ ಡಿಪ್ಲೊಮಾ ಸೇರಿದಳು. ಹಾಡನ್ನು ರೆಕಾರ್ಡ್ ಮಾಡುವುದು, ಮಿಕ್ಸ್ ಮಾಡುವುದು, ಮೈಕು ಎಲ್ಲಿಡಬೇಕು, ಗೋಡೆಯಿಂದ ದನಿ ಹೇಗೆ ಮರಳುತ್ತದೆ, ಇವೆಲ್ಲ. ಬಂಧುಗಳು ಮೂಗು ಮುರಿದರು. ನನಗೆ ಮಾತ್ರ ಒಳಗೊಳಗೇ ಸಂತೋಷ. ನನ್ನ ಕಸುಬಿಗೆ ಒಬ್ಬಳು ಬಂದಳಲ್ಲ ಎಂದು. ಸಂಜೆ ಕಾಫಿಯ ಹೊತ್ತಿಗೆ ಲ್ಯಾಪ್‌ಟಾಪ್ ತಂದು ನನ್ನ ಪಕ್ಕ ಕೂರುತ್ತಿದ್ದಳು.

"ನೀವು ಟೇಪನ್ನ ಬ್ಲೇಡಲ್ಲಿ ಕುಯ್ತಿದ್ರಾ ತಾತ? ನಿಜವಾದ ಬ್ಲೇಡು?"

"ಶೇವಿಂಗ್ ಬ್ಲೇಡು. ಕುಯ್ದು ಗಮ್ ಟೇಪ್ ಹಚ್ಚೋದು."

"ತಪ್ಪು ಜಾಗದಲ್ಲಿ ಕುಯ್ದರೆ? ಕಂಪ್ಯೂಟರಲ್ಲಿರೋ ಹಂಗೆ ಅಂಡೂ ಇತ್ತಾ?"

"ಅಂಡೂ ಗಿಂಡೂ ಏನಿರ್ಲಿಲ್ಲ. ಅದಕ್ಕೇ ಎರಡು ಸಲ ಕೇಳಿ ಆಮೇಲೆ ಕುಯ್ತಿದ್ವಿ."

ಅವಳು ಬಿದ್ದು ಬಿದ್ದು ನಕ್ಕಳು.

ಡಿಪ್ಲೊಮಾ ಮುಗಿದ ಬೇಸಿಗೆಯಲ್ಲಿ ಪ್ರಶ್ನೆ ಎದ್ದಿತು. ಡಿಗ್ರಿ ಬೇಕು. ಯಾವುದು? ನನ್ನ ಪದ್ಧತಿಯಂತೆ ಒಂದು ದೊಡ್ಡ ಹಾಳೆಯ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದೆ. ಕೋರ್ಸು, ದೂರ, ಎಷ್ಟು ವರ್ಷ, ಕೊನೆಯ ತಾರೀಖು, ಮುಂದೇನು. ಮೂರು ಸಾಲು. ಮೊದಲನೆಯದು ಕೆಂಗೇರಿಯ ಆಚೆ ಒಂದು ಖಾಸಗಿ ಕಾಲೇಜಿನಲ್ಲಿ ಸೌಂಡ್ ಡಿಸೈನ್ ಡಿಗ್ರಿ. ಎರಡನೆಯದು ಮಲ್ಲೇಶ್ವರದಲ್ಲಿ ಸಂಗೀತ ಮುಖ್ಯ ವಿಷಯವಾಗಿರುವ ಬಿ.ಎ. ಮೂರನೆಯದು ಬಸವನಗುಡಿಯಲ್ಲೇ, ನಡೆದು ಹೋಗುವಷ್ಟು ಹತ್ತಿರ, ಬಿ.ಕಾಂ.

"ಇದೇನ್ ತಾತ, ಒಳ್ಳೆ ಪಂಚಾಂಗ ಇದ್ದಂಗಿದೆ."

"ಓದಿ ಒಂದಕ್ಕೆ ಗುರುತು ಹಾಕು. ಕೆಳಗೆ ಸಹಿ."

"ಸಹಿ ಬೇರೆ ಹಾಕ್ಬೇಕಾ!"

ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಎರಡು ವರ್ಷ ಅದನ್ನೇ ಓದಿದ್ದೀಯಲ್ಲ, ಹೆಸರು ಬದಲಾದರೆ ವಿಷಯ ಬದಲಾಗುತ್ತದೆಯೇ ಎಂದೆ. ವಾದ ಮಾಡಲಿಲ್ಲ. ಒಂದು ವಾರ ಯೋಚಿಸಿ, ತಾನಾಗಿಯೇ ಬಂದು ಹೇಳಿದಳು.

"ತಾತ, ಒಬ್ರು ತೋಡಿ ಹಾಡ್ತಿದ್ರೆ ಮೈಕ್ ಎಲ್ಲಿಡ್ಬೇಕು ಅಂತ ನಂಗೊತ್ತು. ಅವ್ರು ಒಳಗೆ ಏನ್ ಮಾಡ್ತಿದಾರೆ ಅಂತ ಗೊತ್ತಿಲ್ಲ. ಅದು ಗೊತ್ತಿಲ್ದೆ ರೆಕಾರ್ಡ್ ಮಾಡೋದು ಕಣ್ಣು ಕಟ್ಕೊಂಡು ಫೋಟೋ ತೆಗೆದಂಗೆ. ಬಿ.ಎ. ಮ್ಯೂಸಿಕ್ ಮಾಡ್ತೀನಿ. ಆದರೆ ಅಲ್ಲಿ ಹಾಡಿ ತೋರಿಸ್ಬೇಕು, ಸೀಟು ಸಿಗುತ್ತೆ ಅಂತ ಗ್ಯಾರಂಟಿ ಇಲ್ಲ. ಅದಕ್ಕೇ ಸೌಂಡಿಗೂ ಅರ್ಜಿ ಹಾಕಿರ್ತೀನಿ. ಲಾಸ್ಟ್ ಡೇಟ್ ಹತ್ರ ಬಂದಾಗ ನೆನಪು ಮಾಡಿ, ಡಿಪ್ಲೊಮಾ ಮಾರ್ಕ್ಸ್ ಕಾರ್ಡು ಅಷ್ಟೊತ್ತಿಗೆ ಬಂದಿರುತ್ತೆ."

ಆಗಲಿ ಎಂದೆ. ನಮ್ಮ ಮನೆಯಲ್ಲಿ ತಾರೀಖುಗಳ ಜವಾಬ್ದಾರಿ ನನ್ನದು. ಗ್ಯಾಸ್, ವಿಮೆ, ತೆರಿಗೆ, ತಿಥಿ, ಯಾವುದನ್ನೂ ಬೇರೆಯವರು ನೆನಪಿಟ್ಟುಕೊಳ್ಳುವುದಿಲ್ಲ. ನನಗೆ ಹೇಳಿದರೆ ಸಾಕು. ಗೋಡೆಯ ಕ್ಯಾಲೆಂಡರಿನಲ್ಲಿ, ದಿನಕ್ಕೊಂದು ಹಾಳೆ ಹರಿಯುವಂಥದ್ದು, ಆ ದಿನದ ಹಾಳೆ ಹುಡುಕಿ ಕೆಂಪು ಪೆನ್ಸಿಲಿನಲ್ಲಿ ಬರೆದೆ.

ಹಾಡುವ ಪರೀಕ್ಷೆಗೆ ಸರಿಯಾಗಿ ನಲವತ್ತೆಂಟು ದಿನ ಉಳಿದಿತ್ತು. ಒಂದು ಮಂಡಲ. ಇದಕ್ಕಿಂತ ಒಳ್ಳೆಯ ಶಕುನ ಬೇಕೇ ಎಂದುಕೊಂಡೆ. ವೇಳಾಪಟ್ಟಿ ಬರೆದು ಅಂಟಿಸಿದೆ. ಐದಕ್ಕೆ ತಂಬೂರಿಯ ಮುಂದೆ. ಆರೂವರೆಯವರೆಗೆ ಸ್ವರ, ವರ್ಣ. ಸಂಜೆ ಮತ್ತೆ ಒಂದು ಗಂಟೆ. ಐಸ್‌ಕ್ರೀಮು, ಮೊಸರು ಬಂದ್.

ಮೊದಲ ದಿನ ಐದಕ್ಕೆ ನಾನೇ ತಂಬೂರಿ ಹಿಡಿದು ಕೂತೆ. ಅವಳು ಷಡ್ಜ ಹಿಡಿದಳು, ಪಂಚಮಕ್ಕೆ ಹೋದಳು, ಮೇಲಿನ ಷಡ್ಜಕ್ಕೆ ಹೋಗುವಷ್ಟರಲ್ಲಿ ಕತ್ತಿನ ನರ ಎದ್ದಿತು.

"ತಾತ, ಇದು ನಂಗೆ ಜಾಸ್ತಿ. ನಾಲ್ಕಕ್ಕೆ ಇಳಿಸಿ."

"ನಾಲ್ಕಕ್ಕೆ ಈ ತಂಬೂರಿ ಇಳಿಯಲ್ಲ. ತಂತಿ ಸಡಿಲ ಆಗಿ ಸತ್ತಂಗಾಗುತ್ತೆ."

"ಹಂಗಾದ್ರೆ ಫೋನಲ್ಲಿ ಇಟ್ಕೊಳ್ತೀನಿ. ಆ್ಯಪ್ ಇದೆ, ಎಷ್ಟಕ್ಕೆ ಬೇಕೋ ಅಷ್ಟಕ್ಕೆ."

"ಅಜ್ಜಿ ತಂಬೂರಿ ಎದುರಿಗಿಟ್ಕೊಂಡು ಫೋನಿಗೆ ಹಾಡ್ತೀಯಾ?"

ಅವಳು ಮತ್ತೆ ಷಡ್ಜ ಹಿಡಿದಳು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಅಭ್ಯಾಸ ಮುಗಿದ ಮೇಲೆ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟಳು. ಮಹಡಿಯಲ್ಲಿ ಒಬ್ಬಳೇ ಕೂತು ಒಂದೇ ವರ್ಣವನ್ನು ಎರಡು ಶ್ರುತಿಯಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಪರದೆಯ ಮೇಲೆ ಎರಡು ಚಿತ್ರ, ಒಂದರ ಕೆಳಗೆ ಒಂದು.

"ಮೇಲಿಂದು ನಾಲ್ಕಕ್ಕೆ ಹಾಡಿದ್ದು. ಕೆಳಗಿಂದು ಐದೂವರೆಗೆ. ಅದರಲ್ಲಿ ಈ ಮೇಲಿನ ಷಡ್ಜ ನೋಡಿ. ಇಲ್ಲಿ ನಾನು ಹಾಡ್ತಿಲ್ಲ, ಕಿರುಚ್ತಿದೀನಿ. ಕೆಂಪು ಬಂದಿರೋದು ನೋಡಿ."

ನೋಡಿದೆ. ಕೆಂಪು ಎಂದರೇನು ಎಂದು ಆ ಹುಡುಗಿ ನನಗೆ ಹೇಳಬೇಕಾಗಿರಲಿಲ್ಲ. ಆ ಮೇಲಿನ ಚಿತ್ರವನ್ನು ಕೇಳಿಸಿದಳು ಕೂಡ. ನಾಲ್ಕು ಮನೆಯಲ್ಲಿ ಅವಳ ದನಿ ಅಗಲವಾಗಿತ್ತು, ಅವಸರವಿರಲಿಲ್ಲ. ಅಜ್ಜಿಯ ದನಿಯ ಹಾಗೆ ಒಂದಿಷ್ಟೂ ಇರಲಿಲ್ಲ.

"ಪರದೆ ನೋಡ್ಕೊಂಡು ಹಾಡೋದಾದ್ರೆ ಗುರು ಯಾಕೆ ಬೇಕು?" ಎಂದೆ.

"ನೀವು ಗುರು ಅಲ್ಲ ತಾತ. ನೀವು ಇಂಜಿನಿಯರ್ರು. ಅದಕ್ಕೇ ನಿಮಗೆ ತೋರಿಸ್ತಿದೀನಿ."

ಅವಳು ಹೇಳಿದ್ದು ಗೌರವದಿಂದ. ನನಗೆ ಚುಚ್ಚಿತು. "ಮುಚ್ಚು ಅದನ್ನ" ಎಂದೆ. ಮುಚ್ಚಿದಳು. ಆಮೇಲೆ ಆ ಪರದೆಯನ್ನು ನನಗೆ ಮತ್ತೆ ತೋರಿಸಲಿಲ್ಲ. ಬೆಳಿಗ್ಗೆ ಐದಕ್ಕೆ ಒಂದು ನಿಮಿಷ ತಡವಿಲ್ಲದೆ ಬಂದು ಕೂರುತ್ತಿದ್ದಳು. ಶಿಸ್ತು ಬಂತು ಎಂದು ನಾನು ಹೆಮ್ಮೆಪಟ್ಟೆ.

ನನ್ನ ಮಗಳ ಬಾಯಿ ಖಾರ. ಆಫೀಸಿಗೆ ಹೊರಡುವ ಅವಸರದಲ್ಲಿ ನಿಂತುಕೊಂಡೇ ತಿಂಡಿ ತಿನ್ನುತ್ತ ಒಂದು ದಿನ ಹೇಳಿದಳು.

"ಅಪ್ಪಾ, ಅವಳ ಗಂಟಲು ಅವರಪ್ಪನ ಕಡೇದು. ಆ ಮನೇಲಿ ಹೆಂಗಸ್ರು ಫೋನ್ ಎತ್ತಿದ್ರೆ ಎಲ್ಲರೂ 'ಹೇಳಿ ಸಾರ್' ಅಂತಾರೆ. ಅದನ್ನ ಅಮ್ಮನ ಗಂಟಲು ಮಾಡೋಕಾಗುತ್ತಾ?"

"ನಿನಗೇನು ಗೊತ್ತು ಶ್ರುತಿ ವಿಷಯ?"

"ಗೊತ್ತಿಲ್ಲ. ನನ್ನನ್ನೂ ಹಿಂಗೇ ಐದಕ್ಕೆ ಎಬ್ಬಿಸಿ ಕೂರಿಸಿದ್ರಿ. ನಾನು ಮೂರೇ ತಿಂಗಳಿಗೆ ಓಡಿಹೋದೆ. ಇವಳಿಗೆ ಓಡೋಕೆ ಬರಲ್ಲ ನೋಡಿ, ಅದೇ ಕಷ್ಟ."

ನಾಲ್ಕನೆಯ ವಾರಕ್ಕೆ ಹುಡುಗಿಯ ಗಂಟಲು ಕಟ್ಟಿತು. ಅತಿಮಧುರದ ಬೇರು, ಕಾಳುಮೆಣಸು, ಶುಂಠಿ ಹಾಕಿ ಕಷಾಯ ಕುದಿಸಿಕೊಟ್ಟೆ. ಉಪ್ಪುನೀರು ಮುಕ್ಕಳಿಸಲು ಹೇಳಿದೆ. ಅಭ್ಯಾಸ ನಿಲ್ಲಿಸಲು ಮಾತ್ರ ಹೇಳಲಿಲ್ಲ. ಮಂಡಲ ನಡುವೆ ಮುರಿಯಬಾರದು. ಗಂಟಲು ಪಳಗುವಾಗ ಹೀಗೇ ಆಗುತ್ತದೆ ಎಂದೆ. ಯಾರು ಹೇಳಿದ್ದರು ನನಗೆ ಹಾಗೆಂದು? ಯಾರೂ ಇಲ್ಲ.

ಆ ವಾರದಲ್ಲೇ ಕೆಂಪು ಪೆನ್ಸಿಲಿನ ಹಾಳೆ ಬಂತು.

ಬೆಳಿಗ್ಗೆ ಹಿಂದಿನ ದಿನದ ಹಾಳೆ ಹರಿದಾಗ ಕೆಳಗೆ ನನ್ನದೇ ಅಕ್ಷರ ಕಾಣಿಸಿತು. ಸೌಂಡ್ ಡಿಗ್ರಿ, ಅರ್ಜಿಗೆ ಕೊನೆಯ ದಿನ. ಮಾರ್ಕ್ಸ್ ಕಾರ್ಡು ಬಂದು ಮೂರು ದಿನವಾಗಿತ್ತು, ನನ್ನ ಮೇಜಿನ ಮೇಲೇ ಇತ್ತು. ಬಚ್ಚಲಿನಲ್ಲಿ ಅವಳು ಮುಕ್ಕಳಿಸುವ ಸದ್ದು ಕೇಳುತ್ತಿತ್ತು. ಕೂಗಿ ಹೇಳಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಹೇಳಲಿಲ್ಲ. ಇನ್ನೊಂದು ದಾರಿ ಇದೆ ಎಂದು ಗೊತ್ತಿದ್ದರೆ ಹಾಡಿನಲ್ಲಿ ಮನಸ್ಸು ನಿಲ್ಲುವುದಿಲ್ಲ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಮರುದಿನ ಆ ಹಾಳೆಯನ್ನು ಹರಿದು, ಬುಟ್ಟಿಗೆ ಹಾಕದೆ, ನಾಲ್ಕಾಗಿ ಮಡಿಸಿ ಮೇಜಿನ ಖಾನೆಯಲ್ಲಿಟ್ಟೆ.

ಎರಡು ದಿನ ಬಿಟ್ಟು ಅವಳೇ ಕೇಳಿದಳು, ಕರಕರ ದನಿಯಲ್ಲಿ.

"ತಾತ, ಸೌಂಡಿನ ಲಾಸ್ಟ್ ಡೇಟ್ ಯಾವಾಗ ಅಂದ್ರಿ?"

"ಇದೆ ಇನ್ನೂ. ನೀನು ಹಾಡಿನ ಕಡೆ ಗಮನ ಕೊಡು."

ತಾರೀಖಿನ ವಿಷಯದಲ್ಲಿ ನನ್ನ ಜೀವಮಾನದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ. ಅವಳು ಫೋನಿನಲ್ಲಿ ಹುಡುಕಿ ನೋಡಬಹುದಿತ್ತು. ನೋಡಲಿಲ್ಲ. ನಮ್ಮ ಮನೆಯಲ್ಲಿ ನಾನು ತಾರೀಖು ಹೇಳಿದ ಮೇಲೆ ಯಾರೂ ಇನ್ನೊಮ್ಮೆ ನೋಡುವುದಿಲ್ಲ.

ಪರೀಕ್ಷೆಯ ದಿನ ಆಟೋದಲ್ಲಿ ಮಲ್ಲೇಶ್ವರಕ್ಕೆ ಹೋದೆವು. ತಂಬೂರಿಗೆ ಗವಸು ಹಾಕಿ ನಮ್ಮಿಬ್ಬರ ಮಡಿಲ ಮೇಲೆ ಮಲಗಿಸಿಕೊಂಡಿದ್ದೆವು; ಅದರ ಕುತ್ತಿಗೆ ಆಟೋದಿಂದ ಗೇಣುದ್ದ ಹೊರಗೆ ಚಾಚಿತ್ತು. ಕಾಲೇಜಿನ ಪಡಸಾಲೆಯಲ್ಲಿ ಬೇರೆ ಹುಡುಗಿಯರು ಫೋನನ್ನೇ ಶ್ರುತಿಗೆ ಇಟ್ಟುಕೊಂಡು ಗುನುಗುತ್ತಿದ್ದರು. ಅವರನ್ನು ನೋಡಿ ನನಗೆ ಕನಿಕರವಾಯಿತು.

ಒಳಗೆ ಇಬ್ಬರು ಪರೀಕ್ಷಕರು. ಹಿರಿಯರಾದ ಒಬ್ಬ ಹೆಂಗಸು, ಒಬ್ಬ ನಡುವಯಸ್ಸಿನ ಗಂಡಸು. ಶ್ರುತಿ ಹಾಕಲು ನನ್ನನ್ನು ಒಳಗೆ ಬಿಟ್ಟರು. ಮೊದಲು ಅವಳನ್ನು ಮಾತಾಡಿಸಿದರು. ಮ್ಯೂಸಿಕ್ ಟೆಕ್ನಾಲಜಿ ಓದಿ ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿದರು. ಕಣ್ಣು ಕಟ್ಟಿಕೊಂಡು ಫೋಟೋ ತೆಗೆಯುವ ಮಾತು ಹೇಳಿದಳು. ಹಿರಿಯಾಕೆ ನಕ್ಕು, "ಅಯ್ಯೋ, ಇಂಥವ್ರು ಬೇಕು ಕಣಮ್ಮ ನಮ್ಗೆ" ಎಂದರು. ನಾನು ತಂಬೂರಿ ಮೀಟಲು ತೊಡಗಿದೆ. ಆಕೆ ಒಂದು ಗಳಿಗೆ ಕೇಳಿ, ತಲೆ ವಾರೆ ಮಾಡಿದರು.

"ಮಗು, ನಿನ್ನ ಮಾತಿನ ದನಿಗೂ ಈ ಶ್ರುತಿಗೂ ದೂರ ಆಯ್ತಲ್ಲ. ಇಳಿಸ್ಕೋತೀಯಾ? ನಮ್ಮ ಹತ್ರ ಶ್ರುತಿಪೆಟ್ಟಿಗೆ ಇದೆ, ಏನೂ ತೊಂದರೆ ಇಲ್ಲ."

ಅವಳು ನನ್ನ ಕಡೆ ನೋಡಿದಳು. ಕೇಳಿದ್ದು ಅವಳನ್ನು. ಉತ್ತರ ಕೊಟ್ಟದ್ದು ನಾನು.

"ಬೇಡಮ್ಮ. ನಲವತ್ತೆಂಟು ದಿನ ಇದೇ ಶ್ರುತಿಗೇ ಅಭ್ಯಾಸ ಮಾಡಿದ್ದಾಳೆ."

ವರ್ಣದ ಮೊದಲರ್ಧ, ಪೂರ್ವಾಂಗ, ಹೇಗೋ ದಾಟಿದಳು. ಚರಣಕ್ಕೆ ಬಂದಾಗ ಸ್ವರಗಳು ಮೇಲಕ್ಕೆ ಏರತೊಡಗಿದವು. ಮೇಲಿನ ಷಡ್ಜದಲ್ಲಿ ನಿಲ್ಲಬೇಕು. ಬಾಯಿ ತೆರೆದಿತ್ತು, ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದಳು. ಹರಿದ ಬಟ್ಟೆಯಂಥ ಸದ್ದು. ಅಷ್ಟು ಹೊತ್ತಿಗೆ ತಂಬೂರಿಯ ಮೇಲಿದ್ದ ನನ್ನ ಬಲಗೈ ತಾನಾಗಿ ಮೇಲೆದ್ದಿತ್ತು, ಸ್ಟುಡಿಯೋದಲ್ಲಿ ಏಳುತ್ತಿದ್ದ ಹಾಗೆ, ನಿಲ್ಲಿಸಿ ಮತ್ತೊಮ್ಮೆ ಎನ್ನಲು. ಕೋಣೆಯಲ್ಲಿ ಶ್ರುತಿಯೂ ಇಲ್ಲ, ಹಾಡೂ ಇಲ್ಲ. ನನ್ನ ಕೈ ಮಾತ್ರ ಗಾಳಿಯಲ್ಲಿ.

"ಸಾಕು ಮಗು," ಎಂದರು ಆಕೆ. "ನೀರು ಕುಡಿ. ಗಂಟಲಿಗೆ ರೆಸ್ಟ್ ಕೊಡು." ನನ್ನ ಮುಖವನ್ನು ನೋಡಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ತಂಬೂರಿ ಮತ್ತೆ ನಮ್ಮಿಬ್ಬರ ಮಡಿಲ ಮೇಲಿತ್ತು. ಮೆಜೆಸ್ಟಿಕ್ ದಾಟಿದ ಮೇಲೆ ಅವಳು ಪಿಸುದನಿಯಲ್ಲಿ, "ಹೋಗ್ಲಿ ಬಿಡಿ ತಾತ. ನಾಳೆ ಸೌಂಡಿಗೆ ಹಾಕ್ಬಿಡ್ತೀನಿ" ಎಂದಳು. ನನ್ನನ್ನು ಸಮಾಧಾನ ಮಾಡುವುದಕ್ಕೆಂದು ಹೇಳಿದ್ದು ಅದು.

ಆಗ ಹೇಳಿದೆ. ಕೊನೆಯ ದಿನ ಕಳೆದು ಮೂರು ವಾರವಾಯಿತು ಎಂದು. ಮರೆತೆ ಎಂದು ಹೇಳಬಹುದಿತ್ತು. ಹೇಳಲಿಲ್ಲ, ಹೇಳಿದ್ದರೂ ನಂಬುತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಲಿಲ್ಲ. ಪಕ್ಕದಲ್ಲಿ ಬಸ್ಸೊಂದು ಒತ್ತಿ ಬಂತು. ಥಟ್ಟನೆ ಕೈ ಹೊರಚಾಚಿ ತಂಬೂರಿಯ ಕುತ್ತಿಗೆಯನ್ನು ಒಳಕ್ಕೆ ಎಳೆದುಕೊಂಡಳು. ಮನೆ ಬರುವವರೆಗೂ ಹಾಗೆಯೇ ಹಿಡಿದುಕೊಂಡಿದ್ದಳು.

ಸೀಟಿನ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಬಸವನಗುಡಿಯ ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, ಧ್ವನಿತಂತುಗಳ ಮೇಲೆ ಎರಡು ಪುಟ್ಟ ಗಂಟುಗಳಾಗಿವೆ ಎಂದರು. ದನಿಯನ್ನು ಬಲವಂತವಾಗಿ ಎಳೆದರೆ ಆಗುವಂಥವು; ಆರು ವಾರ ಮಾತು ನಿಲ್ಲಿಸಿ, ಆಮೇಲೆ ವ್ಯಾಯಾಮ ಮಾಡಿದರೆ ಕರಗುತ್ತವೆ. "ಟೀಚರ್ರಾ ನೀವು?" ಎಂದು ಅವಳನ್ನು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಆರು ವಾರ ಚೀಟಿಗಳಲ್ಲಿ ಮಾತಾಡಿದಳು. ಬರೆದು, ತೋರಿಸಿ, ಹರಿದು ಹಾಕುತ್ತಿದ್ದಳು. ಮಗಳು ನನ್ನೊಂದಿಗೆ ಮಾತು ಬಿಟ್ಟಳು. ಕಾಫಿ ಲೋಟ ತಂದು ಮೇಜಿನ ಮೇಲೆ ಕುಕ್ಕಿ ಹೋಗುತ್ತಿದ್ದಳು. ಒಂದು ಮನೆಯಲ್ಲಿ ಒಬ್ಬಳು ಮಾತಾಡಬಾರದವಳು, ಒಬ್ಬಳು ಮಾತಾಡದವಳು. ಕೇಳಿಸುತ್ತಿದ್ದದ್ದು ಗಡಿಯಾರ.

ಒಂದು ವರ್ಷ ಬಿಟ್ಟು ಮುಂದಿನ ಸಲ ಸೌಂಡಿಗೆ ಹಾಕು ಎಂದು ಅವಳ ಅಮ್ಮ ಎಷ್ಟೋ ಹೇಳಿದಳು. ಚೀಟಿಯಲ್ಲಿ "ಬೇಡಮ್ಮ, ಸಾಕಾಗಿದೆ" ಎಂದು ಬರೆದಳು. ಅದನ್ನು ನಾನು ಕದ್ದು ಓದಿದ್ದಲ್ಲ. ನನ್ನ ಎದುರಿಗೇ ಇಟ್ಟಳು. ಅದರ ಮರುದಿನ ನನಗೆಂದೇ ಬರೆದ ಚೀಟಿ ಬಂತು. "ಬಿ.ಕಾಂ. ನಿಮ್ಮ ಪಟ್ಟಿಯಲ್ಲಿ ಮೂರನೆಯದು. ಲಾಸ್ಟ್ ಡೇಟ್ ನಾನೇ ನೋಡಿಕೊಂಡಿದ್ದೇನೆ." ಕೆಳಗೆ ಸಹಿ ಹಾಕಿದ್ದಳು. ಆ ಚೀಟಿ ಕ್ಯಾಲೆಂಡರಿನ ಹಾಳೆಯ ಜೊತೆಗಿದೆ.

ಮೈಕುಗಳನ್ನು ಅವುಗಳ ಡಬ್ಬಿಗಳಿಗೆ ಹಾಕಿ ಅಟ್ಟಕ್ಕೆ ಸೇರಿಸಿದಳು. ಕಾಲೇಜು ಶುರುವಾಯಿತು. ಒಂದು ಬೆಳಿಗ್ಗೆ ನಾನು ತಂಬೂರಿ ತೆಗೆದುಕೊಂಡು ಬಳೇಪೇಟೆಗೆ ಹೋದೆ. ವಾದ್ಯ ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ. ನನ್ನ ಹೆಂಡತಿಯ ಕಾಲದಿಂದಲೂ ಪರಿಚಯ. ಇದನ್ನು ನಾಲ್ಕು ಮನೆಗೆ ಇಳಿಸಲು ಸಾಧ್ಯವೇ ಎಂದು ಕೇಳಿದೆ. ಸಾಧ್ಯವಿಲ್ಲ ಎಂದುಬಿಡಲಿ ಎಂದು ಆಸೆಯಿತ್ತು.

"ಯಾಕಾಗಲ್ಲ? ತಂತಿ ಒಂದು ಚೂರು ದಪ್ಪದ್ದು ಹಾಕಿ, ಕುದುರೆ ಮೇಲಿನ ನೂಲು ಸರಿ ಮಾಡಿದ್ರೆ ಆಯ್ತು. ಒಂದ್ ಗಂಟೆ ಕೆಲ್ಸ. ಕಾಫಿ ಕುಡ್ಕೊಂಡ್ ಬನ್ನಿ."

ಕಾಫಿಗೆ ಹೋಗಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ತಂತಿಗಳನ್ನು ಹೊರುವ ಆ ಪುಟ್ಟ ಕುದುರೆಯ ಮೇಲೆ ಅವರ ಬೆರಳು ಆಡುವುದನ್ನು ನೋಡಿದೆ. ನಲವತ್ತು ನಿಮಿಷದಲ್ಲಿ ಮುಗಿಯಿತು. ಮೀಟಿ ತೋರಿಸಿದರು. ದನಿ ಸತ್ತಿರಲಿಲ್ಲ. ಹೆಂಡತಿಯ ತಂಬೂರಿ ಹೀಗೂ ನುಡಿಯಬಲ್ಲದು ಎಂದು ನಾನು ಒಂದು ಸಲವೂ ಕೇಳಿ ನೋಡಿರಲಿಲ್ಲ.

ಈಗ ಅವಳದು ಎರಡನೆಯ ಸೆಮಿಸ್ಟರ್. ದನಿ ಮರಳಿದೆ. ನನ್ನ ಜೊತೆ ಮಾತಾಡುತ್ತಾಳೆ, ಬೇಕಾದಷ್ಟು. ಶನಿವಾರ ನಾನು ತಂಬೂರಿ ಕೂಡಿಸುವ ಹೊತ್ತಿಗೆ ಅವಳು ಕಾಲೇಜಿಗೆ ಹೊರಡುತ್ತಾಳೆ. ಕಳೆದ ಶನಿವಾರ ಬಾಗಿಲಲ್ಲಿ ಬಗ್ಗಿ ಷೂ ಕಟ್ಟಿಕೊಳ್ಳುತ್ತಿದ್ದವಳು, ತಲೆ ಎತ್ತದೆಯೇ ಹೇಳಿದಳು.

"ಮಂದ್ರದ ತಂತಿ ಇಳಿದಿದೆ ತಾತ. ಒಂದು ಕೂದಲೆಳೆ."

ತಂತಿಯ ಬುಡದ ಮಣಿ ಸರಿಸಿದೆ. "ಈಗ?"

"ಹ್ಞೂಂ. ಸರಿ ಹೋಯ್ತು."

ಮೀಟುತ್ತಲೇ ಇದ್ದೆ. ಅವಳು ಇನ್ನೊಂದು ಷೂ ಕಟ್ಟಿದಳು. ನಾಲ್ಕು ಮನೆ ಎಂದು ಅವಳಿಗೆ ಗೊತ್ತಾಗಿದೆ. ಆ ಕಿವಿಗೆ ಯಾರೂ ಹೇಳಬೇಕಾಗಿಲ್ಲ.

"ಒಂದ್ ಸಲ ಷಡ್ಜ ಹಿಡೀತೀಯಾ?" ಎಂದೆ.

"ಕ್ಲಾಸಿಗೆ ಟೈಮಾಯ್ತು ತಾತ. ಆಗ್ಲೇ ಎಂಟೂವರೆ."

ಗೇಟಿನ ಚಿಲಕದ ಸದ್ದಾಯಿತು. ಗೋಡೆಯ ಗಡಿಯಾರದಲ್ಲಿ ಎಂಟೂ ಐದು. ಅದಕ್ಕೆ ಕೀ ಕೊಡುವವನು ನಾನೇ. ಅದು ಎಂದೂ ತಪ್ಪು ತೋರಿಸಿಲ್ಲ.